ಅಲ್ಮೇಡನ ಅಂತ್ಯ ಮತ್ತು ಒಂದು ಜೌಗು ನೆಲ

ನನ್ನ ಇತಿಹಾಸದ ತರಗತಿಯಲ್ಲಿ ಕುಳಿತಿದ್ದವರು ಫ್ರಾನ್ಸಿಸ್ಕೊ ಡಿ ಅಲ್ಮೇಡನನ್ನು ಮರೆತಿರಲಾರರು. ಭಾರತದ ಮೊದಲ ಪೋರ್ಚುಗೀಸ್ ವೈಸ್‌ರಾಯ್, 'ನೀಲಿ ನೀರಿನ ನೀತಿ'ಯ ಪ್ರವರ್ತಕ. ತಪ್ಪದೆ ಬರುತ್ತಿದ್ದ ಎರಡು ಅಂಕದ ಪ್ರಶ್ನೆ. 1505ರಲ್ಲಿ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿಸಿ, ಹೊನ್ನಾವರದ ಬಂದರಿನಲ್ಲಿ ಹಡಗುಗಳನ್ನು ಸುಟ್ಟವನು ಈತನೇ. ಆದರೆ ಆತನ ಅಂತ್ಯವನ್ನು ನಾನು ಎಂದೂ ಬೋಧಿಸಲಿಲ್ಲ. ಪಠ್ಯದಲ್ಲಿರಲಿಲ್ಲ, ನಾನೂ ಹುಡುಕಲಿಲ್ಲ. ನಿವೃತ್ತಿಯ ಬಳಿಕ ಒಂದು ಪದದ ಬೆನ್ನು ಹತ್ತಿದಾಗ ಅದು ಎದುರಾಯಿತು.

ಆ ಪದ 'ಫ್ಲೇ'. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಲ್ಲಿ ಮಳೆನೀರು ನಿಲ್ಲುವ ತಗ್ಗಿನ ಜೌಗು ನೆಲಕ್ಕೆ ಈ ಹೆಸರು. ಕಣಿವೆ ಎಂಬರ್ಥದ ಡಚ್ ಶಬ್ದವೊಂದು ಸವೆದು ಹೀಗಾಗಿದೆ. ನಮ್ಮ ನಾಗರಹೊಳೆಯ ಕಾಡಿನ 'ಹಡ್ಲು' ಇದಕ್ಕೆ ಹತ್ತಿರದ್ದು. ಕೇಪ್‌ಟೌನ್ ನಗರದಲ್ಲಿ 'ಪ್ರಿನ್ಸೆಸ್ ಫ್ಲೇ', ಅಂದರೆ ರಾಜಕುಮಾರಿಯ ಜೌಗು, ಎಂಬ ಪುಟ್ಟ ಸರೋವರವಿದೆ.

ಯಾವ ರಾಜಕುಮಾರಿ? ಅಲ್ಲಿನ ಮೂಲನಿವಾಸಿ ಖೋಯ್ ಜನರ ರಾಜಕುಮಾರಿಯೊಬ್ಬಳನ್ನು ಪೋರ್ಚುಗೀಸ್ ನಾವಿಕರು ಅಪಹರಿಸಿದರೆಂದೂ, ಅವಳ ಕಣ್ಣೀರೇ ಈ ನೀರಾಯಿತೆಂದೂ ಐತಿಹ್ಯ. ಕೆಲವರು ಆ ನಾವಿಕರು ಅಲ್ಮೇಡನ ಕಡೆಯವರೆನ್ನುತ್ತಾರೆ. ಐತಿಹ್ಯವನ್ನು ದಾಖಲೆಯೆನ್ನಲು ಇತಿಹಾಸದ ಮೇಷ್ಟರಾದ ನನಗೆ ಮನಸ್ಸು ಬಾರದು. ಆದರೆ ದಾಖಲೆಯಲ್ಲಿ ಇರುವುದೂ ಕಡಿಮೆಯದಲ್ಲ. ಅಧಿಕಾರ ಬಿಟ್ಟುಕೊಟ್ಟು ಸ್ವದೇಶಕ್ಕೆ ಮರಳುತ್ತಿದ್ದ ಅಲ್ಮೇಡನ ಹಡಗುಗಳು ಸಿಹಿನೀರಿಗಾಗಿ ಅಲ್ಲಿ ನಿಂತವು. ಖೋಯ್ ಜನರೊಡನೆ ಜಗಳವಾಯಿತು. ಪೋರ್ಚುಗೀಸರು ಅವರ ಹಟ್ಟಿಗೆ ನುಗ್ಗಿ ದನಗಳನ್ನೂ ಮಕ್ಕಳನ್ನೂ ಹಿಡಿದು ಹೊರಟರೆಂದು ಅವರದೇ ಚರಿತ್ರಕಾರರು ಬರೆದಿದ್ದಾರೆ. ಖೋಯ್ ಜನರು ಸಾಕಿದ ದನಗಳನ್ನು ಕೂಗಿ ಕರೆದು, ಅವುಗಳ ಮರೆಯಲ್ಲಿ ನಿಂತು ಕಲ್ಲು, ಈಟಿಗಳಿಂದ ಹೋರಾಡಿದರು. 1510ರ ಮಾರ್ಚ್ 1ರಂದು, ಹಿಂದಿನ ವರ್ಷವಷ್ಟೇ ದಿಯುವಿನಲ್ಲಿ ದೊಡ್ಡ ನೌಕಾಪಡೆಯನ್ನು ಸೋಲಿಸಿದ್ದ ಅಲ್ಮೇಡ, ಅರುವತ್ತರಷ್ಟು ಸಂಗಡಿಗರೊಂದಿಗೆ ಆ ಮರಳಿನಲ್ಲಿ ಸತ್ತುಬಿದ್ದ.

ಡಚ್ಚರು ಬಂದು ನೆಲೆಸಿದ್ದು 1652ರಲ್ಲಿ. ಹುಲ್ಲುಗಾವಲು ಖೋಯ್ ಜನರ ಕೈತಪ್ಪಿತು. ವರ್ಣಭೇದದ ಕಾಲದಲ್ಲಿ ಒಳ್ಳೆಯ ಕಡಲತೀರಗಳೆಲ್ಲ ಬಿಳಿಯರಿಗೆ ಮೀಸಲಾದಾಗ, ಉಳಿದವರು ಬುತ್ತಿ ಕಟ್ಟಿಕೊಂಡು ಭಾನುವಾರ ಹೋಗಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಈ ಫ್ಲೇ ಒಂದು. ವರ್ಣಭೇದ ಅಳಿದ ಮೇಲೆ ಅದರ ದಡದಲ್ಲೇ ವ್ಯಾಪಾರ ಮಳಿಗೆ ಕಟ್ಟುವ ಯೋಜನೆ ಬಂತು, ನೋಡಿ! ಸುತ್ತಲಿನ ಜನ ವರ್ಷಗಟ್ಟಲೆ ವಿರೋಧಿಸಿದರು. ಶಾಲಾಮಕ್ಕಳು ಬಂದು ಸ್ಥಳೀಯ ಗಿಡಗಳನ್ನು ನೆಟ್ಟರು. 2014ರಲ್ಲಿ ನಗರಾಡಳಿತ ಆ ಯೋಜನೆಯನ್ನು ಕೈಬಿಟ್ಟಿತು.