ಹಂಚಿಗೆ ಮುದ್ರೆ ಇತ್ತು, ಕಿಟಕಿಗೆ ಯಾಕಿಲ್ಲ?

ಮನೆ ಕಟ್ಟಿಸುವಾಗ ವೈರಿನ ಮೇಲೆ ಐಎಸ್‌ಐ ಗುರುತು ಹುಡುಕ್ತೀವಿ. ಎಸಿ ಮೇಲೆ ಎಷ್ಟು ಸ್ಟಾರ್ ಇದೆ ಅಂತ ಎಣಿಸ್ತೀವಿ. ಆದ್ರೆ ಆ ಎಸಿ ದಿನಕ್ಕೆ ಎಷ್ಟು ಹೊತ್ತು ಓಡಬೇಕು ಅನ್ನೋದು ಬಹಳಷ್ಟು ಮಟ್ಟಿಗೆ ಕಿಟಕಿ ಮೇಲೆ ನಿಂತಿದೆ. ಆ ಕಿಟಕಿಯನ್ನ ಮಾತ್ರ ಬಣ್ಣ ನೋಡಿ, ಚದರಡಿಗೆ ಎಷ್ಟು ಅಂತ ಕೇಳಿ ತಗೊಂಡು ಬರ್ತೀವಿ. ಇವತ್ತಿನ ಕತೆ ಇದೇ. ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯಲ್ಲಿ ಒಂದು ವಸ್ತುವಿಗೆ ಮುದ್ರೆ ಬೀಳೋದು ಯಾವಾಗ, ಯಾರಿಂದ?

ಮೊದಲು ಕುಮಟಾಗೆ ಹೋಗೋಣ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಬರ್ತಿದ್ದ ಹತ್ತಿ ನಿಂತುಹೋಯ್ತು. ಧಾರವಾಡ ಕಡೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು ಹಡಗು ಹತ್ತಿತು. ಕುಮಟಾದಲ್ಲಿ ಬೆಳೆಯದಿದ್ದರೂ ವ್ಯಾಪಾರಿಗಳ ಬಾಯಲ್ಲಿ ಅದು 'ಕುಮಟಾ ಹತ್ತಿ' ಆಯ್ತು. ಬೇಡಿಕೆ ಏರಿದಂತೆ ಕಲಬೆರಕೆಯೂ ಏರಿತು. ಬಿಗಿಯಾಗಿ ಕಟ್ಟಿದ ಬೇಲಿನ ಒಳಗೆ ಕಸ ಇದೆಯೋ, ಬೀಜ ಇದೆಯೋ ಹೊರಗಿಂದ ಗೊತ್ತಾಗಲ್ಲ ಅಲ್ವಾ? ಕೊಳ್ಳುವವರ ದೂರು ಜೋರಾಯ್ತು. 1863ರಲ್ಲಿ ಮುಂಬೈ ಸರ್ಕಾರ ಹತ್ತಿ ವಂಚನೆ ತಡೆಯೋಕೆ ಕಾಯ್ದೆಯನ್ನೇ ತಂತು, ತನಿಖಾಧಿಕಾರಿಗಳನ್ನು ಇಟ್ಟಿತು. ಅದರ ಹಿಂದಿನ ವರ್ಷವಷ್ಟೇ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು.

ಅಲ್ಲಿಂದ ಎರಡು ವರ್ಷಕ್ಕೆ, 1865ರಲ್ಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾಯ್ತು. ಆಮೇಲೆ ಕಾರ್ಖಾನೆಗಳು ಹೆಚ್ಚಾದವು. ಪ್ರತಿಯೊಬ್ಬರೂ ತಮ್ಮ ಹೆಸರು, ಊರು, ಗುರುತನ್ನ ಹಂಚಿನ ಮೇಲೇ ಉಬ್ಬು ಅಕ್ಷರದಲ್ಲಿ ಒತ್ತಿದರು. ಹಳೇ ಮಾಡಿನಿಂದ ಇಳಿಸಿದ ಹಂಚು ಸಿಕ್ಕಿದ್ರೆ ತಿರುಗಿಸಿ ನೋಡಿ. ಕೆಲವದರ ಮೇಲೆ 1865 ಅಂತ ಇರುತ್ತೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. ಮುದ್ರೆ ಇದ್ದರೆ ಸಾಲದು, ಅದನ್ನ ಓದೋಕೂ ಬರಬೇಕು. ಮುಂದೆ ಮಂಗಳೂರು ಹಂಚಿಗೆ ಐಎಸ್ 654 ಅನ್ನೋ ಭಾರತೀಯ ಮಾನಕವೇ ಬಂತು. ಹಂಚು ಎಷ್ಟು ನೀರು ಕುಡಿಯಬಹುದು, ಎಷ್ಟು ಭಾರ ತಡೀಬೇಕು ಅನ್ನೋ ಲೆಕ್ಕ ಅದರಲ್ಲಿದೆ.

ಹಾಗಾದ್ರೆ ಕಿಟಕಿಗೆ ಯಾಕೆ ಮುದ್ರೆ ಬೀಳಲಿಲ್ಲ? ಆಗ ಅದರ ಅಗತ್ಯ ಇರಲಿಲ್ಲ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು. ಅಲ್ಲಿ ಮರದ ಕೆಲಸವನ್ನೇ ಹೋಲುವ ಕಲ್ಲಿನ ಪಟ್ಟಿಗಳ ಜಾಲರಿ ಇದೆ. ಬಿಸಿಲು, ಮಳೆ ಹೊರಗೆ, ಗಾಳಿ ಒಳಗೆ. ಹಳೇ ಚಿರೇಕಲ್ಲಿನ ಮನೆಯ ಕಿಟಕಿಯನ್ನ ಊರಿನ ಆಚಾರಿಯೇ ಮಾಡ್ತಿದ್ದ. ಯಾವ ಮರ, ಯಾರ ಕೆಲಸ ಅಂತ ಎಲ್ಲರಿಗೂ ಗೊತ್ತು. ಮರದ ಸರಳಲ್ಲಿ ಮುಚ್ಚಿಡೋಕೆ ಏನಿದೆ?

ಗಾಜು ಬಂದಾಗ ಲೆಕ್ಕ ಬದಲಾಯ್ತು. ಎರಡು ಗಾಜು ಕಣ್ಣಿಗೆ ಒಂದೇ ತರ ಕಂಡರೂ ಒಳಗೆ ಬಿಡುವ ಬಿಸಿಲಿನ ಶಾಖ ಬೇರೆಬೇರೆ. ಹತ್ತಿ ಬೇಲಿನ ಸಮಸ್ಯೆಯೇ ಇಲ್ಲೂ ಇದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಇಂಧನ ಉಳಿಸುವ ಚಿಂತೆ ಶುರುವಾಯ್ತು. 1989ರಲ್ಲಿ ಕಿಟಕಿಗಳನ್ನೇ ಅಳೆದು ಲೇಬಲ್ ಕೊಡುವ ಮಂಡಳಿ ಹುಟ್ಟಿತು. ನಮ್ಮಲ್ಲಿ 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ, 2007ರಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಇಸಿಬಿಸಿ ಸಂಹಿತೆ ಬಂತು. 2017ರಲ್ಲಿ ಅದನ್ನ ಪರಿಷ್ಕರಿಸಿದರು. ಕಿಟಕಿಯ ಶಾಖದ ಅಂಕಿಗಳನ್ನ ತಯಾರಕರೇ ಲೇಬಲ್ ಅಥವಾ ಪ್ರಮಾಣಪತ್ರದಲ್ಲಿ ಕೊಡಬೇಕು ಅಂತ ಅದು ಹೇಳುತ್ತೆ. ಅದರಲ್ಲಿ ಎಸ್‌ಎಚ್‌ಜಿಸಿ ಅನ್ನೋ ಅಂಕಿ ಮುಖ್ಯ. ಅದು 0.27 ಇದ್ದರೆ ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಶೇ. 27 ಮಾತ್ರ ಒಳಗೆ ಬರುತ್ತೆ ಅಂತ ಅರ್ಥ.

2018ರ ಡಿಸೆಂಬರ್‌ನಲ್ಲಿ ಮನೆಗಳಿಗಾಗಿ 'ಇಕೋ ನಿವಾಸ್ ಸಂಹಿತಾ' ಬಂತು. ನಮ್ಮ ಕರಾವಳಿಯಂಥ ಸೆಕೆಯ ಪ್ರದೇಶಕ್ಕೆ ಅದು ಕೇಳೋದು ಇಷ್ಟು: ತೆರೆಯಬಹುದಾದ ಜಾಗ ನೆಲದ ವಿಸ್ತೀರ್ಣದ ಶೇ. 16.66 ಇರಬೇಕು, ಅಂದ್ರೆ ಆರರಲ್ಲಿ ಒಂದು ಪಾಲು. ಹೊರಗೆ ತೆರೆಯುವ ಬಾಗಿಲೂ ಈ ಲೆಕ್ಕಕ್ಕೆ ಸೇರುತ್ತೆ.

ಇದನ್ನ ಒಂದು ಕೋಣೆಗೆ ಹಾಕಿ ನೋಡೋಣ. 10 ಅಡಿ, 12 ಅಡಿ ಕೋಣೆ ಅಂದ್ರೆ 120 ಚದರಡಿ. ಬೇಕಾದ ತೆರಪು 20 ಚದರಡಿ. ನಾಲ್ಕಡಿ ಉದ್ದ, ನಾಲ್ಕಡಿ ಎತ್ತರದ ಎರಡು ಕಿಟಕಿ ಇಟ್ಟರೆ ಒಟ್ಟು 32. ಸಾಕು ಅನ್ನಿಸುತ್ತೆ. ಆದ್ರೆ ಎರಡು ಗಾಜಿನ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಗಾಜು ಯಾವಾಗ್ಲೂ ಅಡ್ಡ ಇರುತ್ತೆ. ಸಂಹಿತೆ ಅದಕ್ಕೆ ಕೊಡೋದು ಶೇ. 50, ಅಂದ್ರೆ 16 ಚದರಡಿ. ಫೇಲ್. ಅದೇ ಅಳತೆಯ, ಕದ ತೆರೆಯುವ ಹಳೇ ಮಾದರಿ ಕಿಟಕಿಗೆ ಶೇ. 90, ಸುಮಾರು 29 ಚದರಡಿ. ಪಾಸ್. ಅಜ್ಜಿ ಮನೆ ಕಿಟಕಿ ಗೆದ್ದಿತು!

ಹಾಗಂತ ಈ ನಿಯಮ ನಿಮ್ಮ ಮನೆಯನ್ನ ಕಾಯುತ್ತೆ ಅಂದ್ಕೋಬೇಡಿ. 2018ರ ಸಂಹಿತೆ ಇದ್ದದ್ದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ, ಅದೂ ರಾಜ್ಯ ಅಳವಡಿಸಿಕೊಂಡ ಮೇಲೆ. ಐದಾರು ಸೆಂಟ್ಸ್ ಜಾಗದ ಮನೆ ಇದರ ಹೊರಗೆ. ಕೊಲ್ಲಿಯಲ್ಲಿ ದುಡಿದು ಭಟ್ಕಳದಲ್ಲಿ ಮನೆ ಕಟ್ಟಿಸುವವರು, ಹೊನ್ನಾವರದಲ್ಲಿ ಸಾಲ ಮಾಡಿ ಮೇಲಿನ ಮಹಡಿ ಎಬ್ಬಿಸುವವರು, ಅಂಗಡಿಯವರ ಮಾತನ್ನೇ ನಂಬಬೇಕು. ತಪ್ಪಿದ್ರೆ ಏಪ್ರಿಲ್, ಮೇ ಸೆಕೆಯನ್ನೂ ಕರೆಂಟ್ ಬಿಲ್ಲನ್ನೂ ಇಪ್ಪತ್ತು ವರ್ಷ ತಾವೇ ಹೊರಬೇಕು.

ಅದಕ್ಕೆ ಕಿಟಕಿ ಆರ್ಡರ್ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಗಾಜಿನ ಎಸ್‌ಎಚ್‌ಜಿಸಿ ಎಷ್ಟು, ಕಂಪನಿಯ ಕಾಗದದಲ್ಲಿ ತೋರಿಸಿ. ಪೂರ್ತಿ ತೆರೆದಾಗ ಎಷ್ಟು ಜಾಗ ಸಿಗುತ್ತೆ? ಟಫನ್ಡ್ ಗಾಜು ಅಂತಿದ್ದೀರಲ್ಲ, ಅದರ ಮೂಲೆಯಲ್ಲಿ ಐಎಸ್‌ಐ ಗುರುತು ಎಲ್ಲಿದೆ? ಸುರಕ್ಷತಾ ಗಾಜಿಗೆ ಆ ಗುರುತನ್ನ ಕಡ್ಡಾಯ ಮಾಡುವ ಆದೇಶ 2020ರಲ್ಲೇ ಹೊರಟಿದೆ.

1863ರಲ್ಲಿ ಕಾಯ್ದೆ ಬಂದದ್ದು ಕೊಳ್ಳುವವರು ದೊಡ್ಡ ಗಿರಣಿಯವರು, ಅವರ ದನಿ ಸರ್ಕಾರಕ್ಕೆ ಕೇಳಿಸ್ತಿತ್ತು ಅನ್ನೋ ಕಾರಣಕ್ಕೆ. ಕಿಟಕಿ ಕೊಳ್ಳುವವರು ಒಬ್ಬೊಬ್ಬರಾಗಿ ಅಂಗಡಿಗೆ ಹೋಗ್ತಾರೆ. ಪ್ರತಿಯೊಬ್ಬರೂ ಕೇಳೋಕೆ ಶುರು ಮಾಡಿದ್ರೆ ಅಂಗಡಿಯವರು ಆ ಕಾಗದ ತರಿಸಿ ಇಟ್ಕೊಳ್ಳಲೇಬೇಕಾಗುತ್ತೆ. ಮನೆಯಲ್ಲಿ ಯಾರಾದ್ರೂ ಈಗ ಕಿಟಕಿಯ ಅಳತೆ ಕೊಡೋಕೆ ಹೊರಟಿದ್ರೆ, ಅವರಿಗೆ ಈ ಸಂಚಿಕೆ ಕಳಿಸಿ.