ಕೆಳಗೆ ಹಾರೋ ಯಂತ್ರ, ಅದರ ಕೆಳಗೆ ನಾವು

ಕುದಾಪುರದ ಕಡೆಯಿಂದ ಸದ್ದು ಬಂದ್ರೆ ಶೇಂಗಾ ಹೊಲದಲ್ಲಿ ಕಳೆ ತೆಗೆಯೋರು ಈಗಲೂ ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡ್ತಾರೆ. "ಕೆಳಗೇ ಹಾರ್ತಾ ಇದೆ, ಬಿದ್ರೂ ಏನಾಗಲ್ಲ ಬಿಡಪ್ಪ" ಅನ್ನೋರು ಇದ್ದಾರೆ. ಚರಿತ್ರೆ ಹೇಳೋದು ಉಲ್ಟಾ.

1919ರಲ್ಲಿ ಸ್ಪೇನ್ ದೇಶದ ಹ್ವಾನ್ ದೆ ಲಾ ಸಿಯೆರ್ವಾ ಕಟ್ಟಿದ ಮೂರು ಎಂಜಿನ್ ವಿಮಾನ ನೆಲದ ಹತ್ತಿರ ವೇಗ ಕಳಕೊಂಡು ಬಿತ್ತು. ಮೇಲಿದ್ದಿದ್ರೆ ಮೂತಿ ಇಳಿಸಿ ವೇಗ ಮತ್ತೆ ಗಳಿಸಬಹುದಿತ್ತು. ಕೆಳಗೆ ಅದಕ್ಕೆ ಜಾಗ ಎಲ್ಲಿ? ಆಮೇಲೆ ಅವನು ಗೈರೋಕಾಪ್ಟರಿನ ಮೂಲ ಯಂತ್ರ ಮಾಡಿದ. ಎಂಜಿನ್ ಮುಂದಕ್ಕೆ ಎಳೆಯೋದಷ್ಟೇ. ತಲೆ ಮೇಲಿನ ರೆಕ್ಕೆ ತಿರುಗಿಸೋದು ಗಾಳಿ, ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರದ ಹಂಗೆ. 1923ರ ಜನವರಿಯಲ್ಲಿ ಹಾರಿದ ಕೆಲವೇ ದಿನಕ್ಕೆ ಎಂಜಿನ್ ನಿಂತರೂ ಅದು ಮೆಲ್ಲಗೆ ಇಳೀತು.

ಆದ್ರೆ ಆ ರೆಕ್ಕೆಗೆ ಗಾಳಿ ಕೆಳಗಿಂದ ಮೇಲಕ್ಕೆ ಹಾಯ್ತಾ ಇರಬೇಕು. ಗಾಳಿ ನಿಂತ್ರೆ ರಾಶಿ ತೂರೋಕಾಗಲ್ಲ ನೋಡಿ, ಹಂಗೇ. ಚಾಲಕ ಗಾಬರಿಯಲ್ಲಿ ಹಿಡಿಕೋಲು ಜೋರಾಗಿ ಮುಂದೆ ತಳ್ಳಿದ್ರೆ ರೆಕ್ಕೆ ಮೇಲಿನ ಭಾರ ಹೋಗಿ ಸುತ್ತು ನಿಧಾನ ಆಗ್ತದೆ, ಯಂತ್ರವೇ ಮಗುಚಬಹುದು. ಕಡಿಮೆ ವೇಗದಲ್ಲಿ, ತೆಂಗಿನಮರದ ಎತ್ತರದಲ್ಲಿ ಎಂಜಿನ್ ಕೈಕೊಟ್ರೆ ಮೆಲ್ಲಗೆ ಇಳಿಯೋಷ್ಟು ಹೊತ್ತೂ ಸಿಗಲ್ಲ. ಮೇಲಾಗಿ ಕರೆಂಟ್ ತಂತಿ. ಮೇಲಿಂದ ನೋಡೋರಿಗೆ ಕಂಬ ಕಾಣ್ತದೆ, ತಂತಿ ಕಾಣಲ್ಲ. ಸಿಯೆರ್ವಾ ಸತ್ತಿದ್ದು ತನ್ನ ಯಂತ್ರದಲ್ಲಿ ಅಲ್ಲ ಅನ್ನೋದೇ ವಿಚಿತ್ರ: 1936ರ ಡಿಸೆಂಬರ್ 9ರಂದು, ಲಂಡನ್ ಹತ್ತಿರದ ಕ್ರಾಯ್ಡನ್‌ನಲ್ಲಿ, ಮಂಜಿನಲ್ಲಿ ಆಗಷ್ಟೇ ಮೇಲೆದ್ದ ಪ್ರಯಾಣಿಕರ ವಿಮಾನ ಬಿದ್ದು.

ನಮ್ಮ ಕಡೆಗೆ ಬರೋಣ. ದನ ಮೇಯ್ತಿದ್ದ ವರವು ಕಾವಲಲ್ಲಿ ಡಿಆರ್‌ಡಿಒ ಪರೀಕ್ಷಾ ನೆಲೆ 2017ರ ಮೇ ತಿಂಗಳಲ್ಲಿ ಉದ್ಘಾಟನೆ ಆಯ್ತು. ಇಲ್ಲಿ ಹಾರೋದು ಗೈರೋಕಾಪ್ಟರ್ ಅಲ್ಲ, ಚಾಲಕನಿಲ್ಲದ ವಿಮಾನ. ಎತ್ತರದ ಲೆಕ್ಕ ಮಾತ್ರ ಅದೇ. 2009ರ ನವೆಂಬರಲ್ಲಿ ಹೊಸೂರಿನ ಹತ್ತಿರ ರುಸ್ತುಂ-1ರ ಮೊದಲ ಹಾರಾಟದಲ್ಲೇ ಎತ್ತರ ತಪ್ಪಾಗಿ ಅಂದಾಜು ಮಾಡಿ, ನೆಲದಿಂದಲೇ ಎಂಜಿನ್ ಆಫ್ ಮಾಡಿದ್ರು. ಬಿತ್ತು. ರುಸ್ತುಂ-2 2019ರ ಸೆಪ್ಟೆಂಬರ್ 17ರ ಬೆಳಗ್ಗೆ ನಮ್ಮ ಚಳ್ಳಕೆರೆ ತಾಲೂಕಿನ ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿತ್ತು. ತಪಸ್ ಅಂತ ಹೆಸರಾದ ಮೇಲೆ ಅದೇ ಜಾತಿದು 2023ರ ಆಗಸ್ಟ್ 20ರಂದು ಹಿರಿಯೂರು ತಾಲೂಕಿನ ವದ್ದಿಕೆರೆಯ ಹೊಲದಲ್ಲಿ. ಎರಡೂ ಸಲ ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಪ್ರಕಾರ ಅದು ಬಯಲುಸೀಮೆಯ ಬಯಲು ಕಾಪಾಡಿದ್ದು. ಹೊಲದ ತುಂಬ ಆಳು ಇರೋ ಹೊತ್ತಾಗಿದ್ರೆ?

ನನಗೆ ಜಾಸ್ತಿ ಚಿಂತೆ ಬಿದ್ದ ಮೇಲಿಂದು. ಜೋಡಿಚಿಕ್ಕೇನಹಳ್ಳಿಯಲ್ಲಿ ಜನ ಜಾತ್ರೆ ಥರ ಸೇರಿದ್ರು. ಒಡೆದ ಟ್ಯಾಂಕಿನ ಇಂಧನಕ್ಕೆ ಬೀಡಿ ಕಿಡಿ ಸಾಕು. ಇಂಥ ವಿಮಾನದ ಮೈ ನಾರಿನ ಹಲಗೆಯದು. ಸುಟ್ಟರೆ ಅದರ ಸಣ್ಣ ಎಳೆ ಚರ್ಮಕ್ಕೆ ಚುಚ್ಚುತ್ತೆ, ಉಸಿರಿಗೂ ಹೋಗ್ತದೆ. ಹೊಗೆ ಕಂಡ್ರೆ ಕುರಿ ಮಂದೆಯನ್ನ ಗಾಳಿ ಬೀಸಿ ಬರೋ ಕಡೆಗೆ ಹೊಡ್ಕೊಂಡು ಹೋಗಿ, 112ಕ್ಕೆ ಫೋನ್ ಮಾಡಿ. ತುಂಡು ಮನೆಗೆ ತರೋ ಆಸೆ ಬೇಡ.