ಮಗುವಿಗೆ ಪದೇ ಪದೇ ಕಾಮಾಲೆಯೇ? ಪಿತ್ತನಾಳದ ಸಿಸ್ಟ್ ಇರಬಹುದು, ನಿರ್ಲಕ್ಷಿಸಬೇಡಿ

ಮಕ್ಕಳ ಕಣ್ಣು ಹಳದಿಯಾದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ನೆಲನೆಲ್ಲಿ ಮತ್ತು ಪಥ್ಯ. ವೈರಸ್‌ನಿಂದ ಬರುವ ಕಾಮಾಲೆ ಬಹುತೇಕ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಮನೆಮದ್ದೇ ಗುಣಪಡಿಸಿತು ಎನಿಸುವುದು ಸಹಜ. ಆದರೆ ಇಳಿದ ಕಾಮಾಲೆ ಹೊಟ್ಟೆನೋವಿನ ಜೊತೆ ಮತ್ತೆ ಮತ್ತೆ ಬಂದರೆ ಕಾರಣ ಬೇರೆಯೇ ಇರಬಹುದು. ಅಂಥ ಕಾರಣಗಳಲ್ಲಿ ಅಪರೂಪವಾದ ಒಂದು, ಕೊಲೆಡೋಕಲ್ ಸಿಸ್ಟ್.

ಏನಿದು ಕೊಲೆಡೋಕಲ್ ಸಿಸ್ಟ್?

ಲಿವರ್‌ನಲ್ಲಿ ತಯಾರಾಗುವ ಪಿತ್ತರಸ, ಪಿತ್ತನಾಳದ ಮೂಲಕ ಸಣ್ಣ ಕರುಳಿಗೆ ಸೇರಿ ಕೊಬ್ಬು ಜೀರ್ಣವಾಗಲು ನೆರವಾಗುತ್ತದೆ. ಈ ನಾಳ ಚೀಲದಂತೆ ಊದಿಕೊಳ್ಳುವುದೇ ಕೊಲೆಡೋಕಲ್ ಸಿಸ್ಟ್. ಸಾಮಾನ್ಯವಾಗಿ ಇದು ಹುಟ್ಟಿನಿಂದಲೇ ಬರುವ ದೋಷ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 1ರಿಂದ 1.5 ಲಕ್ಷ ಮಂದಿಯಲ್ಲಿ ಒಬ್ಬರಿಗೆ ಕಂಡುಬಂದರೆ, ಏಷ್ಯಾದಲ್ಲಿ, ಅದರಲ್ಲೂ ಜಪಾನ್‌ನಲ್ಲಿ ಹೆಚ್ಚು. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಮೂರ್ನಾಲ್ಕು ಪಟ್ಟು ಅಧಿಕ.

ಯಾಕೆ ಹೀಗಾಗುತ್ತದೆ?

ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯ ನಾಳ ಕರುಳಿನ ಗೋಡೆಯಲ್ಲಿ ಒಂದಾಗಬೇಕು. ಕೆಲವರಲ್ಲಿ ಅವು ಅದಕ್ಕೂ ಮೊದಲೇ ಕೂಡಿಕೊಂಡಿರುತ್ತವೆ. ಆಗ ಮೇದೋಜೀರಕ ರಸ ಪಿತ್ತನಾಳಕ್ಕೆ ಹಿಮ್ಮುಖವಾಗಿ ಹರಿದು ಅದರ ಗೋಡೆಯನ್ನು ದುರ್ಬಲಗೊಳಿಸುತ್ತದೆ ಎಂಬ ವಿವರಣೆಯನ್ನು 1969ರಲ್ಲಿ ಬ್ಯಾಬಿಟ್ ಮುಂದಿಟ್ಟರು. ಆದರೆ ಎಲ್ಲ ರೋಗಿಗಳಲ್ಲೂ ಈ ದೋಷ ಇರುವುದಿಲ್ಲ.

ಐದು ವಿಧಗಳು

ಜಪಾನ್‌ನ ಟೊಡಾನಿ 1977ರಲ್ಲಿ ಮಾಡಿದ ವಿಂಗಡಣೆಯೇ ಇಂದಿಗೂ ಬಳಕೆಯಲ್ಲಿದೆ.

1. ಲಿವರ್‌ನ ಹೊರಗಿನ ಪಿತ್ತನಾಳ ಊದಿರುವುದು. ಇದೇ ಅತಿ ಸಾಮಾನ್ಯ.
2. ನಾಳದ ಪಕ್ಕದಲ್ಲಿ ಸಣ್ಣ ಚೀಲ ಮೂಡಿರುವುದು.
3. ನಾಳ ಕರುಳಿಗೆ ಸೇರುವ ತುದಿಯಲ್ಲಿ ಊತ.
4. ಒಂದಕ್ಕಿಂತ ಹೆಚ್ಚು ಕಡೆ ಊತ. ಲಿವರ್‌ನ ಒಳಗೂ ಇರಬಹುದು.
5. ಲಿವರ್‌ನ ಒಳಗಿನ ನಾಳಗಳಲ್ಲಿ ಮಾತ್ರ ಊತ. ಇದನ್ನು ಕ್ಯಾರೋಲಿ ಕಾಯಿಲೆ ಎನ್ನುತ್ತಾರೆ.

ಲಕ್ಷಣಗಳೇನು?

ಹೊಟ್ಟೆನೋವು, ಕಾಮಾಲೆ, ಹೊಟ್ಟೆಯ ಬಲಭಾಗದ ಮೇಲೆ ಕೈಗೆ ಸಿಗುವ ಗಡ್ಡೆ, ಇವು ಮೂರು ಮುಖ್ಯ ಲಕ್ಷಣಗಳು. ಆದರೆ ಮೂರೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ. ಜ್ವರ, ವಾಂತಿಯೂ ಬರಬಹುದು. ದೊಡ್ಡವರಲ್ಲಿ ಗ್ಯಾಸ್ಟ್ರಿಕ್ ಅಥವಾ ಪಿತ್ತಕೋಶದ ಕಲ್ಲಿನ ನೋವು ಎಂದುಕೊಂಡೇ ವರ್ಷಗಳು ಕಳೆದುಹೋಗುವುದುಂಟು.

ನವಜಾತ ಶಿಶುವಿನ ಕಾಮಾಲೆ ಎರಡು ವಾರ ದಾಟಿದರೂ ಇಳಿಯದೆ, ಮಲ ಬಿಳಿಚಿಕೊಂಡಿದ್ದರೆ ಒಂದು ದಿನವೂ ಕಾಯಬೇಡಿ. ಅದು ಪಿತ್ತನಾಳವೇ ಮುಚ್ಚಿಹೋಗಿರುವ ಬಿಲಿಯರಿ ಅಟ್ರೀಸಿಯಾ ಆಗಿರಬಹುದು. ಅದಕ್ಕೆ ಹುಟ್ಟಿದ 60 ದಿನಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಫಲ ಹೆಚ್ಚು.

ಪತ್ತೆ ಹೇಗೆ?

ಮೊದಲ ಪರೀಕ್ಷೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್. ಇದರಲ್ಲಿ ನೋವಿಲ್ಲ, ವಿಕಿರಣವೂ ಇಲ್ಲ. ಕೆಲವೊಮ್ಮೆ ಗರ್ಭಿಣಿಯ ಸ್ಕ್ಯಾನ್‌ನಲ್ಲೇ ಮಗುವಿನ ಸಿಸ್ಟ್ ಕಾಣುತ್ತದೆ. ನಾಳಗಳ ಪೂರ್ಣ ಚಿತ್ರಣಕ್ಕೆ ಎಂಆರ್‌ಸಿಪಿ ಎಂಬ ಎಂಆರ್‌ಐ ಪರೀಕ್ಷೆ ಮಾಡುತ್ತಾರೆ.

ಚಿಕಿತ್ಸೆ ಏನು?

ಔಷಧಿಯಿಂದ ಸಿಸ್ಟ್ ಕರಗುವುದಿಲ್ಲ. ಹಾಗೇ ಬಿಟ್ಟರೆ ನಾಳದ ಸೋಂಕು, ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ಲಿವರ್ ಹಾನಿ ಆಗಬಹುದು. ವಯಸ್ಸಾದಂತೆ ಪಿತ್ತನಾಳದ ಕ್ಯಾನ್ಸರ್ ಅಪಾಯವೂ ಏರುತ್ತದೆ.

ಹಿಂದೆ ಸಿಸ್ಟನ್ನು ಒಳಗೇ ಬಿಟ್ಟು ಕರುಳಿಗೆ ಜೋಡಿಸುತ್ತಿದ್ದರು. ಉಳಿದ ಸಿಸ್ಟ್‌ನಲ್ಲಿ ಮುಂದೆ ಕ್ಯಾನ್ಸರ್ ಕಾಣಿಸಿಕೊಂಡಿದ್ದರಿಂದ ಆ ವಿಧಾನವನ್ನು ಕೈಬಿಡಲಾಯಿತು. ಈಗ ಸಾಮಾನ್ಯ ವಿಧದಲ್ಲಿ ಸಿಸ್ಟ್ ಮತ್ತು ಪಿತ್ತಕೋಶವನ್ನು ಪೂರ್ತಿ ತೆಗೆದು, ಲಿವರ್‌ನಿಂದ ಬರುವ ನಾಳವನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಇದನ್ನು ಲ್ಯಾಪರೋಸ್ಕೋಪಿ ಮೂಲಕವೂ ಮಾಡಬಹುದು. ಮೂರನೇ ವಿಧಕ್ಕೆ ಹಲವು ಬಾರಿ ಎಂಡೋಸ್ಕೋಪಿಯೇ ಸಾಕು. ಐದನೇ ವಿಧದಲ್ಲಿ ಲಿವರ್‌ನ ಭಾಗ ತೆಗೆಯಬೇಕಾಗಬಹುದು, ಕೆಲವರಿಗೆ ಲಿವರ್ ಕಸಿಯೂ ಬೇಕಾಗುತ್ತದೆ.

ಆಪರೇಷನ್ ನಂತರ

ಬಹುತೇಕ ಮಕ್ಕಳು ಎಲ್ಲರಂತೆ ಉಂಡು, ಆಡಿ ಬೆಳೆಯುತ್ತಾರೆ. ಆದರೂ ಜೋಡಣೆ ಕಿರಿದಾಗುವುದು, ಸೋಂಕು, ಕ್ಯಾನ್ಸರ್‌ನ ಸಣ್ಣ ಅಪಾಯ ಉಳಿಯುವುದರಿಂದ ಜೀವನಪೂರ್ತಿ ತಪಾಸಣೆ ಅಗತ್ಯ. ಮಗು ದೊಡ್ಡದಾಗಿ ಬೇರೆ ಊರಿಗೆ ಹೋದರೂ ಆಪರೇಷನ್ ದಾಖಲೆಗಳು ಅದರ ಜೊತೆಗಿರಲಿ. ಕಾಮಾಲೆ ಎರಡನೇ ಬಾರಿ ಬಂದರೆ ಕಷಾಯಕ್ಕಿಂತ ಮೊದಲು ಒಂದು ಸ್ಕ್ಯಾನ್ ಮಾಡಿಸಿ.